ತೆಗ್ಗಿನಾಗ ಮೊಸಳಿ, ಗೋಡಿ ಮ್ಯಾಲ ನಗು

2015ರ ಜೂನ್ ತಿಂಗಳು. ಬೆಂಗಳೂರಿನ ಸುಲ್ತಾನ್‌ಪಾಳ್ಯದ ಮುಖ್ಯರಸ್ತೆಯಲ್ಲಿ ಸುಮಾರು ಹನ್ನೆರಡು ಅಡಿ ಉದ್ದದ ಗುಂಡಿ. ನೀರಿನ ಪೈಪ್ ಒಡೆದು ರಸ್ತೆ ಕುಸಿದಿತ್ತು. ವಾರಗಳಾದರೂ ಯಾರೂ ಮುಚ್ಚಿರಲಿಲ್ಲ. ದೂರು ಕೊಟ್ಟವರು ಕೊಟ್ಟು ಸುಸ್ತಾಗಿದ್ದರು, ಬೈಕ್‌ನವರು ಪಕ್ಕದಲ್ಲಿ ಸರ್ಕಸ್ ಮಾಡಿ ದಾಟುವುದನ್ನು ರೂಢಿ ಮಾಡಿಕೊಂಡಿದ್ದರು. ಒಂದು ದಿನ ನೋಡಿದರೆ ಆ ಗುಂಡಿಯಲ್ಲಿ ಮೊಸಳೆ ಮಲಗಿದೆ!

ನಿಜದ್ದಲ್ಲ, ಫೈಬರ್‌ನದು. ಸುಮಾರು ಇಪ್ಪತ್ತು ಕೆ.ಜಿ. ತೂಕ. ಗುಂಡಿಗೆ ಹಸಿರು ನೀರಿನ ಬಣ್ಣ ಬಳಿದು ಪುಟ್ಟ ಕೆರೆ ಮಾಡಿ, ಅದರಲ್ಲಿ ಮೊಸಳೆಯನ್ನು ಇಟ್ಟವರು ಕಲಾವಿದ ಬಾದಲ್ ನಂಜುಂಡಸ್ವಾಮಿ. ಕೈಯಿಂದ ಹಾಕಿದ ಖರ್ಚು ಆರು ಸಾವಿರ ರೂಪಾಯಿ ಎಂದು ಆಗ ಪತ್ರಿಕೆಗಳಲ್ಲಿ ಬಂದಿತ್ತು. ಜನ ಗಾಡಿ ನಿಲ್ಲಿಸಿ ನಕ್ಕರು, ಫೋಟೊ ತೆಗೆದರು, ಹಂಚಿದರು. ವಾರಗಟ್ಟಲೆ ಆಗದಿದ್ದ ರಿಪೇರಿ ಒಂದೆರಡು ದಿನದಲ್ಲಿ ಆಗಿಹೋಯಿತು.

ಆಗ ನಾನು ವಿಜಯಪುರದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೆ. ಹಾಸ್ಟೆಲ್‌ನಲ್ಲಿ ಒಬ್ಬರ ಫೋನಿನಿಂದ ಇನ್ನೊಬ್ಬರ ಫೋನಿಗೆ ಆ ಮೊಸಳೆ ಓಡಾಡಿತು. ಈಗ ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಊರು ತಿಕೋಟಾ. ಅಕ್ಕನನ್ನು ಕೊಟ್ಟಿರೋದು ಬಬಲೇಶ್ವರ ಕಡೆ. ಕಾಕಾ ಇರೋದು ವಿಜಯಪುರ ಸಿಟಿಯಲ್ಲಿ, ಬೋರ್ಡ್ ಬರೆಯುವ ಪೇಂಟರ್. ಈ ಮೂರೂ ಊರಿನ ನಡುವೆ ಓಡಾಡುವಾಗೆಲ್ಲ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ ಕೊರೆಯುತ್ತಿತ್ತು: ಇಂಥ ಚಿತ್ರ ಬೆಂಗಳೂರಿಗೆ ಮಾತ್ರ ಯಾಕೆ? ನಮ್ಮ ಕಡೆ ತೆಗ್ಗಿಗೇನು ಬರವಾ, ಗೋಡೆಗೇನು ಬರವಾ?

ಚಂದ್ರನ ಮೇಲೆ ನಡೆದವರು, ತುಂಗಾನಗರದಲ್ಲಿ

ಬಾದಲ್ ಮೈಸೂರಿನವರು. ಅಲ್ಲಿನ ಚಾಮರಾಜೇಂದ್ರ ದೃಶ್ಯಕಲಾ ಕಾಲೇಜಿನಲ್ಲಿ, ಅಂದರೆ ಎಲ್ಲರೂ ‘ಕಾವಾ’ ಅನ್ನುವ ಕಾಲೇಜಿನಲ್ಲಿ ಕಲೆ ಕಲಿತವರು. ಕೆಲ ವರ್ಷ ಜಾಹೀರಾತು ಕ್ಷೇತ್ರದಲ್ಲಿ ದುಡಿದವರು. ಆ ಅನುಭವ ಅವರ ಬೀದಿ ಚಿತ್ರಗಳಲ್ಲಿ ಎದ್ದು ಕಾಣುತ್ತದೆ. ಜಾಹೀರಾತಿನವರಿಗೆ ಮೂರು ಸೆಕೆಂಡ್‌ನಲ್ಲಿ ಜನರ ಕಣ್ಣು ಹಿಡಿಯಬೇಕು. ಬಾದಲ್ ಕೂಡ ಅದನ್ನೇ ಮಾಡುತ್ತಾರೆ, ಆದರೆ ಏನನ್ನೂ ಮಾರುವುದಿಲ್ಲ.

ಮುಚ್ಚಳ ಇಲ್ಲದ ಮ್ಯಾನ್‌ಹೋಲ್ ಸುತ್ತ ಅವರು ಯಮಧರ್ಮನ ಮುಖ ಬರೆದರು. ತೆರೆದ ಮ್ಯಾನ್‌ಹೋಲೇ ಯಮನ ಬಾಯಿ. ಅದರ ಪಕ್ಕ ‘ಅಪಾಯ’ ಎಂದು ಬೋರ್ಡ್ ಹಾಕುವ ಅವಶ್ಯಕತೆ ಇಲ್ಲ, ಅಕ್ಷರ ಬರದವರಿಗೂ ಅರ್ಥವಾಗುತ್ತದೆ. 2017ರ ಅಕ್ಟೋಬರ್‌ನಲ್ಲಿ ಕಾಮರಾಜ ರಸ್ತೆಯ ಕಡೆ ನೀರು ನಿಂತ ಗುಂಡಿಯನ್ನು ನೀಲಿ ಕೊಳ ಮಾಡಿ, ನಟಿ ಸೋನು ಗೌಡ ಅವರನ್ನು ಮತ್ಸ್ಯಕನ್ಯೆಯ ವೇಷದಲ್ಲಿ ಕೂರಿಸಿದರು.

ಎಲ್ಲಕ್ಕಿಂತ ಹೆಚ್ಚು ಓಡಿದ್ದು 2019ರ ಸೆಪ್ಟೆಂಬರ್ ಮೊದಲ ವಾರದ ವಿಡಿಯೊ. ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ ಸೆಪ್ಟೆಂಬರ್ 7ರಂದು ಚಂದ್ರನ ಮೇಲೆ ಇಳಿಯಬೇಕಿತ್ತು, ದೇಶಕ್ಕೆ ದೇಶವೇ ಆಕಾಶ ನೋಡುತ್ತಿತ್ತು. ಅದೇ ಹೊತ್ತಿಗೆ ಗಗನಯಾತ್ರಿಯ ಬಿಳಿ ಸೂಟು ತೊಟ್ಟ ಒಬ್ಬರು ಕುಳಿಗಳ ನಡುವೆ ನಿಧಾನಕ್ಕೆ, ತೇಲಿದಂತೆ ಹೆಜ್ಜೆ ಹಾಕುತ್ತಾರೆ. ನೋಡಿದವರಿಗೆ ಚಂದ್ರನ ನೆಲವೇ ಅನಿಸುತ್ತದೆ. ಅಷ್ಟರಲ್ಲಿ ಪಕ್ಕದಿಂದ ಒಂದು ಆಟೊ ಹಾದುಹೋಗುತ್ತದೆ! ಅದು ಹೇರೋಹಳ್ಳಿ ಹತ್ತಿರದ ತುಂಗಾನಗರ ಮುಖ್ಯರಸ್ತೆ. ಸೂಟಿನೊಳಗೆ ಇದ್ದವರು ನಟ ಪೂರ್ಣಚಂದ್ರ ಮೈಸೂರು. ವಿಡಿಯೊ ಹರಡಿದ ಮರುದಿನವೇ ಅಲ್ಲಿ ರಸ್ತೆ ಕೆಲಸ ಶುರುವಾಯಿತು.

ನಮ್ಮ ಆಫೀಸ್ ಭಾಷೆಯಲ್ಲಿ ಹೇಳೋದಾದರೆ, ಇದು ಸ್ಕ್ರೀನ್‌ಶಾಟ್ ಸಮೇತ ಹಾಕಿದ ಬಗ್ ರಿಪೋರ್ಟ್. ‘ರಸ್ತೆ ಸರಿ ಇಲ್ಲ’ ಅಂತ ಟಿಕೆಟ್ ಹಾಕಿದರೆ ಯಾರೂ ತೆರೆದು ನೋಡಲ್ಲ. ಬಗ್ ಎಲ್ಲಿದೆಯೋ ಅಲ್ಲೇ, ನಾಲ್ಕು ಜನರ ಎದುರಿಗೆ ತೋರಿಸಿದರೆ ‘ನೋಡಿಲ್ಲ’ ಅನ್ನಲು ಬರಲ್ಲ. ಇಲ್ಲಿ ಇನ್ನೊಂದು ವಿಶೇಷ ಇದೆ. ಬೇರೆ ಚಿತ್ರಗಳು ಉಳಿದರೆ ಕಲಾವಿದ ಗೆದ್ದಂತೆ. ಬಾದಲ್ ಅವರ ತೆಗ್ಗಿನ ಚಿತ್ರಗಳು ಅಳಿಸಿಹೋದರೆ ಗೆದ್ದಂತೆ. ಡಾಂಬರು ಬಿದ್ದ ದಿನ ಟಿಕೆಟ್ ಕ್ಲೋಸ್.

ವೈರಲ್ ಆಗದ ಊರಿನ ಪಾಡು

ಆದರೆ ನನಗೊಂದು ಅನುಮಾನ ಮೊದಲಿಂದಲೂ ಇತ್ತು. ಕ್ಯಾಮೆರಾ ಮುಂದಿನ ತೆಗ್ಗು ಮುಚ್ಚಿತು, ಸರಿ. ಪಕ್ಕದ ಓಣಿಯದು? ಬೆಂಗಳೂರಿನಲ್ಲಿ ಟಿವಿ ಚಾನೆಲ್ ಇವೆ, ಇಂಗ್ಲಿಷ್ ಪೇಪರ್ ಇವೆ, ಲಕ್ಷಾಂತರ ಫಾಲೋವರ್ಸ್ ಇರುವವರಿದ್ದಾರೆ. ತಿಕೋಟಾದ ತೆಗ್ಗನ್ನು ಯಾರು ಶೇರ್ ಮಾಡುತ್ತಾರೆ?

ಇದು ಬರೀ ನಗೆಯ ವಿಷಯವೂ ಅಲ್ಲ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿ ಪ್ರಕಾರ 2022ರ ಒಂದೇ ವರ್ಷದಲ್ಲಿ ರಸ್ತೆ ಗುಂಡಿಗಳಿಂದಾದ ಅಪಘಾತಗಳಲ್ಲಿ ದೇಶದಲ್ಲಿ 1,800ಕ್ಕೂ ಹೆಚ್ಚು ಜನ ಸತ್ತಿದ್ದಾರೆ. ಕೈ ಮುರಿದವರು, ಸೊಂಟ ಹಿಡಿದುಕೊಂಡವರು ಆ ಲೆಕ್ಕದಲ್ಲಿ ಬರುವುದಿಲ್ಲ.

ನಮ್ಮ ಅಕ್ಕನೂ ಆ ಲೆಕ್ಕದಲ್ಲಿ ಬರಲಿಲ್ಲ. ಒಂದು ಮಳೆಗಾಲ, ಬಬಲೇಶ್ವರ ಕಡೆಯ ಹಳ್ಳಿ ರಸ್ತೆಯೊಂದರ ತಿರುವಿನಲ್ಲಿ ಸ್ಕೂಟಿ ಸಮೇತ ಬಿದ್ದಳು. ತೆಗ್ಗಿನ ತುಂಬ ಕೆಂಪು ನೀರು, ಎಷ್ಟು ಆಳ ಅಂತ ಗೊತ್ತಾಗಿಲ್ಲ. ಮುಂಗೈ ಮುರಿಯಿತು. ಹಿಂದೆ ಕೂತಿದ್ದ ಏಳು ವರ್ಷದ ಅಳಿಯ ಮಣ್ಣಿನಲ್ಲಿ ಬಿದ್ದಿದ್ದಕ್ಕೆ ತರಚಿದ ಗಾಯದಲ್ಲಿ ಉಳಿದ.

ಅವಳನ್ನು ನೋಡಲು ವಿಜಯಪುರದಿಂದ ಕಾಕಾ ಬಂದರು. ಆ ವಾರ ರಜೆ ಹಾಕಿ ನಾನೂ ಹೋಗಿದ್ದೆ. ಚಹಾ ಕುಡಿದು ಕಾಕಾ ಕೇಳಿದ್ದು ಒಂದೇ ಮಾತು: “ಎಲ್ಲಿ ಬಿದ್ದಳೋ ತಮ್ಮಾ? ನಡಿ, ತೋರಸು.”

ಹೋದೆವು. ಕಾಕಾ ಸ್ವಲ್ಪ ಹೊತ್ತು ನಿಂತು ನೋಡಿದರು. ಹತ್ತಿರದ ಮನೆಯಿಂದ ಒಂದು ಬಕೆಟ್ ಸುಣ್ಣ ಕೇಳಿ ತರಿಸಿದರು. ಚೀಲದಲ್ಲಿ ಕರಿ ಬಣ್ಣದ ಡಬ್ಬಿ ಹೆಂಗೂ ಇರುತ್ತದೆ. ರಸ್ತೆ ಎರಡೂ ಕಡೆ ಇಬ್ಬರು ಹುಡುಗರನ್ನು ಕೆಂಪು ಬಟ್ಟೆ ಕೊಟ್ಟು ನಿಲ್ಲಿಸಿ, ತೆಗ್ಗಿನ ದಂಡೆಯ ಡಾಂಬರಿನ ಮೇಲೆ ಬರೆಯಲು ಕೂತರು. ಮೊದಲು ಎರಡು ಕೋಡು ಬಂದವು. ಆಮೇಲೆ ಮೂಗು, ದೊಡ್ಡ ಕಣ್ಣು. ನೀರಿನಲ್ಲಿ ಮೈ ಬಿಟ್ಟುಕೊಂಡು, ತಲೆ ಮಾತ್ರ ದಂಡೆಗಿಟ್ಟು ಮಲಗಿದ ಎಮ್ಮೆ! ಒಂದಲ್ಲ, ಮೂರು.

ಅಲ್ಲೇ ಎಮ್ಮೆ ಹೊಡೆದುಕೊಂಡು ಹೊರಟಿದ್ದ ಮುದುಕಿ ಒಬ್ಬಾಕಿ ನಿಂತು ನೋಡಿದಳು. “ಏ ಯಪ್ಪಾ, ನಮ್ಮ ಎಮ್ಮಿ ನಿಂದ್ರಾಕ ಜಾಗಾ ಬಿಟ್ಟೀಯಿಲ್ಲೋ?” ಅಂದಳು. ಸುತ್ತ ನಿಂತವರೆಲ್ಲ ಬಿದ್ದು ಬಿದ್ದು ನಕ್ಕರು. ಎರಡು ತಾಸಿನಲ್ಲಿ ಅಲ್ಲಿ ನಲವತ್ತು ಜನ ಸೇರಿರಬೇಕು. ನಗು ಮುಗಿದ ಮೇಲೆ ಮಾತು ಶುರುವಾಯಿತು. ಯಾರ‍್ಯಾರು ಬಿದ್ದಿದ್ದಾರೆ, ಯಾವಾಗ ಬಿದ್ದಿದ್ದಾರೆ, ಯಾರಿಗೆ ಹೇಳಿದ್ದೆವು, ಅವರೇನಂದರು. ಅಕ್ಕ ಅಲ್ಲಿ ಬಿದ್ದ ನಾಲ್ಕನೆಯಾಕಿ ಅಂತ ನಮಗೆ ಗೊತ್ತಾಗಿದ್ದೇ ಆವತ್ತು.

ತೆಗ್ಗು ಮುಚ್ಚಿದ್ದು ಯಾರು ಗೊತ್ತಾ? ಅದೇ ಗುಂಪಿನಲ್ಲಿದ್ದ ದ್ರಾಕ್ಷಿ ತೋಟದವರೊಬ್ಬರು. ದ್ರಾಕ್ಷಿ ತುಂಬಿದ ಕ್ರೇಟ್ ತೆಗ್ಗಿನಲ್ಲಿ ಎಗರಿದರೆ ಗೊನೆಯಿಂದ ಕಾಳು ಉದುರುತ್ತವೆ, ಉದುರಿದ ಕಾಳಿಗೆ ರೇಟ್ ಇಲ್ಲ. ಮೂರನೆಯ ದಿನ ಅವರು ತಮ್ಮ ಟ್ರ್ಯಾಕ್ಟರ್‌ನಲ್ಲಿ ಎರಡು ಟ್ರಿಪ್ ಗರಸು ತಂದು ಹಾಕಿಸಿದರು. ಡಾಂಬರು ಬಿದ್ದದ್ದು ಎಷ್ಟೋ ತಿಂಗಳ ಮೇಲೆ. ಆದರೆ ಆ ತೆಗ್ಗಿನಲ್ಲಿ ಐದನೆಯವರು ಬೀಳಲಿಲ್ಲ.

ನನ್ನ ಅನುಮಾನಕ್ಕೆ ಅಲ್ಲಿ ಉತ್ತರ ಸಿಕ್ಕಿತು. ಬೆಂಗಳೂರಿನಂಥ ಊರಿನಲ್ಲಿ ಯಾರಿಗೆ ಯಾರೂ ಗೊತ್ತಿಲ್ಲ, ಹಾಗಾಗಿ ವಿಡಿಯೊ ಬೇಕು. ಸಣ್ಣ ಊರಿನಲ್ಲಿ ಎಲ್ಲರೂ ಎಲ್ಲರಿಗೂ ಗೊತ್ತು. ಅಲ್ಲಿ ನಲವತ್ತು ಜನ ಒಂದು ಕಡೆ ನಿಂತು ನಕ್ಕರೆ ಅದೇ ವೈರಲ್. ಚಿತ್ರ ತೆಗ್ಗು ಮುಚ್ಚುವುದಿಲ್ಲ. ಮುಚ್ಚಬಲ್ಲವರನ್ನು ತೆಗ್ಗಿನ ಮುಂದೆ ಒಟ್ಟಿಗೆ ನಿಲ್ಲಿಸುತ್ತದೆ.

ಕುಮಟಗಿಯ ಗೋಡೆ ಹೇಳುವುದು

ಗೋಡೆ ಮೇಲಿನ ಚೇಷ್ಟೆ ನಮ್ಮ ಭಾಗಕ್ಕೆ ಹೊಸದೇನಲ್ಲ. ಪಂಚಮಿಗೆ ನಮ್ಮವ್ವ ಗೋಡೆ ಮೇಲೆ ನಾಗಪ್ಪನನ್ನು ಬರೆಯುತ್ತಾಳೆ. ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ, ಮೈಗೆ ಬಣ್ಣ ಬೀಳುತ್ತದೆ. ಎತ್ತು ನಡೆದಾಡುವ ಚಿತ್ರ ಆಗಿಬಿಡುತ್ತದೆ.

ಇನ್ನೂ ಹಿಂದಕ್ಕೆ ಹೋಗಬೇಕೆಂದರೆ ವಿಜಯಪುರದಿಂದ ಪೂರ್ವಕ್ಕೆ, ಸಿಂದಗಿ ಕಡೆಗೆ ಸುಮಾರು ಇಪ್ಪತ್ತು ಕಿ.ಮೀ. ದೂರದ ಕುಮಟಗಿಗೆ ಹೋಗಿ. ಅಲ್ಲಿ ಆದಿಲ್‌ಶಾಹಿಗಳ ಕಾಲದ ಜಲಮಹಲುಗಳಿವೆ. ಕೆರೆ ನೀರನ್ನು ಎತ್ತರದ ತೊಟ್ಟಿಗೆ ಏರಿಸಿ, ಕೊಳವೆಗಳಲ್ಲಿ ಇಳಿಸಿ, ಚಾವಣಿಯಿಂದ ಕಾರಂಜಿಯಂತೆ ಸುರಿಸುತ್ತಿದ್ದರು. ಮೋಟಾರ್ ಇಲ್ಲದ ಶವರ್! ಎಂಜಿನಿಯರಿಂಗ್ ಓದಿದ ಯಾರಿಗಾದರೂ ಒಮ್ಮೆ ಕೈಮುಗಿಯಬೇಕು ಅನಿಸುತ್ತದೆ.

ಅಲ್ಲಿನ ಗೋಡೆಗಳ ಮೇಲೆ ಚಿತ್ರಗಳಿವೆ. ಕುದುರೆ ಏರಿ ಪೋಲೊ ಆಡುವವರು, ಕುಸ್ತಿ ಹಿಡಿದವರು, ವಾದ್ಯ ನುಡಿಸುವವರು, ಯುರೋಪಿನ ವೇಷದವರು. ಪುರಾತತ್ವ ಇಲಾಖೆಯಲ್ಲಿದ್ದ ಹೆನ್ರಿ ಕಸಿನ್ಸ್ ವಿಜಯಪುರದ ಸ್ಮಾರಕಗಳ ಬಗ್ಗೆ 1916ರಲ್ಲಿ ಪ್ರಕಟಿಸಿದ ದೊಡ್ಡ ಪುಸ್ತಕದಲ್ಲಿ ಇವನ್ನೂ ದಾಖಲಿಸಿದ್ದಾರೆ. ಯುದ್ಧ ಗೆದ್ದ ಸುಲ್ತಾನನ ಗಂಭೀರ ಚಿತ್ರಗಳಿಗಾಗಿ ಅಲ್ಲಿ ಹುಡುಕಬೇಡಿ. ಅದು ವಿಹಾರದ ಜಾಗ, ಗೋಡೆಯೂ ವಿಹಾರಕ್ಕೆ ತಕ್ಕಂತೆ ಆಟದಲ್ಲೇ ಮುಳುಗಿದೆ. ಸಿಟಿಯ ಒಳಗಿರುವ ಅಸರ್ ಮಹಲಿನ ಮೇಲಂತಸ್ತಿನಲ್ಲೂ ಗೋಡೆ ಚಿತ್ರಗಳಿವೆ.

ಬೇಜಾರಿನ ವಿಷಯ ಎಂದರೆ ಕುಮಟಗಿಯ ಚಿತ್ರಗಳು ಮಾಸಿಹೋಗಿವೆ. ಬಿಸಿಲು, ತೇವ ತಿಂದದ್ದು ಒಂದು ಪಾಲು. ಬಂದುಹೋದವರು ಮೊಳೆಯಲ್ಲಿ ಕೆರೆದ ಹೆಸರುಗಳು ಇನ್ನೊಂದು ಪಾಲು. ತೆಗ್ಗಿನ ಮೇಲಿನ ಮೊಸಳೆ ಅಳಿಯಲೆಂದೇ ಹುಟ್ಟಿದ್ದು. ಕುಮಟಗಿಯ ಪೋಲೊ ಆಟಗಾರ ಅಳಿಯಬಾರದು. ಈ ಎರಡರ ನಡುವಿನ ವ್ಯತ್ಯಾಸ ತಿಳಿಯದವರ ಕೈಗೆ ಮೊಳೆ ಸಿಕ್ಕರೂ ಅಪಾಯ, ಬ್ರಷ್ ಸಿಕ್ಕರೂ ಅಪಾಯ.

ಅದಕ್ಕೇ ವಿಜಯಪುರದಲ್ಲಿ ‘ಗೋಡೆ ಖಾಲಿ ಇದೆ, ಬಣ್ಣ ಹಚ್ಚೋಣ’ ಅನ್ನುವ ಮೊದಲು ಅದು ಯಾವ ಗೋಡೆ ಎಂದು ನೋಡಬೇಕು. ಇಲ್ಲಿ ಹಳೆಯ ಕಲ್ಲಿನ ಗೋಡೆ ಎಲ್ಲಿ ಬೇಕಾದರೂ ಎದುರಾಗುತ್ತದೆ. ಸಂರಕ್ಷಿತ ಸ್ಮಾರಕವನ್ನು ವಿರೂಪಗೊಳಿಸಿದರೆ 1958ರ ಕಾಯ್ದೆಯ ಪ್ರಕಾರ (2010ರ ತಿದ್ದುಪಡಿ ಸೇರಿ) ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ.

ಫ್ಲೆಕ್ಸ್ ತಿಂದ ಕೈಗಳು

ಹಳ್ಳಿಯ ಖಾಲಿ ಗೋಡೆಗಳನ್ನು ಈಗ ಯಾರು ಬಳಸುತ್ತಿದ್ದಾರೆ ನೋಡಿ. ಸಿಮೆಂಟ್ ಕಂಪನಿ, ಬೀಜದ ಕಂಪನಿ, ಪಂಪ್‌ಸೆಟ್ ಕಂಪನಿ, ಎಲೆಕ್ಷನ್ ಬಂದರೆ ಪಕ್ಷಗಳು. ನಮ್ಮ ಗೋಡೆ ನಮಗೆ ಏನನ್ನೋ ಮಾರುತ್ತಲೇ ಇರುತ್ತದೆ. ಮಾರಾಟಕ್ಕಲ್ಲದ ಚಿತ್ರ ಕಾಣಸಿಗುವುದು ಸರ್ಕಾರಿ ಶಾಲೆಯ ಗೋಡೆ ಮೇಲೆ ಮಾತ್ರ.

ಶಾಲೆಗಳಲ್ಲಿ ಒಳ್ಳೆಯ ತಲೆಗಳು ಓಡಿವೆ ಎನ್ನಲೇಬೇಕು. ಕೋಣೆಗಳ ಸಾಲಿಗೆ ರೈಲು ಬೋಗಿಯ ಬಣ್ಣ ಬಳಿದು, ಬಾಗಿಲನ್ನು ಬೋಗಿಯ ಬಾಗಿಲು ಮಾಡಿದ ಶಾಲೆಗಳು ಕರ್ನಾಟಕದ ಎಷ್ಟೋ ಊರುಗಳಲ್ಲಿವೆ. ರೈಲು ಹತ್ತದ ಮಗುವೂ ದಿನಾ ರೈಲು ಹತ್ತುತ್ತದೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿ ಪದ್ಧತಿಯ ಕೋಣೆಗಳಲ್ಲಿ ಕಪ್ಪುಹಲಗೆ ಮಕ್ಕಳ ಎತ್ತರಕ್ಕೆ ಗೋಡೆಯ ಕೆಳಗೆ ಇರುತ್ತದೆ. ಗೋಡೆ ಮೇಲೆ ಬರೆದರೆ ಬೈಗುಳ ತಿನ್ನುವ ವಯಸ್ಸಿನಲ್ಲಿ ‘ಬರೀ, ಇದು ನಿನ್ನದೇ’ ಅನ್ನುವ ಗೋಡೆ.

ಆದರೆ ಇವನ್ನೆಲ್ಲ ಬರೆಯುವ ಕೈಗಳು ಕಡಿಮೆಯಾಗುತ್ತಿವೆ. ಕಾಕಾನ ಕಥೆಯೇ ತಗೊಳ್ಳಿ. ಹದಿನಾರನೆಯ ವಯಸ್ಸಿಗೆ ಬ್ರಷ್ ಹಿಡಿದವರು. ಅಂಗಡಿ ಬೋರ್ಡ್, ಲಾರಿಯ ಹಿಂಬದಿ, ಟ್ರ್ಯಾಕ್ಟರ್ ಟ್ರಾಲಿ, ಜಾತ್ರೆಯ ಬ್ಯಾನರ್ ಎಲ್ಲ ಬರೆದರು. ಕೆಳಗೆ ಮೂಲೆಯಲ್ಲಿ ಸಣ್ಣದಾಗಿ ತಮ್ಮ ಹೆಸರಿನ ಮುಂದೆ ‘ಆರ್ಟ್ಸ್’. ಫ್ಲೆಕ್ಸ್ ಬಂತು. ದಿನಪೂರ್ತಿ ಬರೆಯುವ ಬೋರ್ಡ್ ಅರ್ಧ ತಾಸಿನಲ್ಲಿ ಮಷೀನಿನಿಂದ ಹೊರಬಂತು. ಈಗ ಕಾಕಾನ ಕೆಲಸ ಬಹುತೇಕ ಮನೆಗಳಿಗೆ ಬಣ್ಣ ಬಳಿಯುವುದು. “ಅಕ್ಷರಾ ಬರ‍್ಯಾಕ ಕಲಿಯೂದಕ್ಕ ಹತ್ತು ವರ್ಷಾ ಬೇಕಾತು. ಈಗ ಗ್ವಾಡಿಗಿ ರೋಲರ್ ಹೊಡೀತೀನಿ” ಅನ್ನುತ್ತಾರೆ. ಸಿಟ್ಟಿಲ್ಲ ಆ ಮಾತಿನಲ್ಲಿ. ಅದಕ್ಕೇ ಕೇಳಲು ಇನ್ನೂ ಕಷ್ಟ.

ಬೆಂಗಳೂರಿನಲ್ಲೂ ಇದೇ ಆಗಿತ್ತು. ಸಿನಿಮಾ ಥಿಯೇಟರ್‌ಗಳ ಮುಂದೆ ಆಳೆತ್ತರದ ಬ್ಯಾನರ್ ಬರೆಯುತ್ತಿದ್ದವರು ಕೆಲಸ ಕಳೆದುಕೊಂಡಿದ್ದರು. 2009ರ ಸುಮಾರಿಗೆ ಅಲ್ಲಿನ ಪಾಲಿಕೆ ಅಂಥ ಕಲಾವಿದರಿಂದಲೇ ನಗರದ ಗೋಡೆಗಳ ಮೇಲೆ ಕರ್ನಾಟಕದ ಶಿಲ್ಪ, ಕಾಡು, ಜಾನಪದದ ಚಿತ್ರ ಬರೆಸಿತು. ಚಿತ್ರದ ಗುಣಮಟ್ಟದ ಬಗ್ಗೆ ಪರ-ವಿರೋಧ ಮಾತು ಬಂದವು. ಆದರೂ ಕೈಗೆ ಕೆಲಸ ಸಿಕ್ಕಿತು, ಗೋಡೆಗೆ ಚಿತ್ರ ಸಿಕ್ಕಿತು.

ಎದುರಿಗೇ ಬರೆದರೆ ಏನಾಗುತ್ತದೆ?

ಮುಗಿದ ಚಿತ್ರ ನೋಡುವುದು ಬೇರೆ, ಚಿತ್ರ ಆಗುವುದನ್ನು ನೋಡುವುದು ಬೇರೆ. ಕನ್ನಡಿಗರಿಗೆ ಇದನ್ನು ಚೆನ್ನಾಗಿ ತೋರಿಸಿದವರು ಬಿ.ಕೆ.ಎಸ್. ವರ್ಮಾ (1949–2023). ಶತಾವಧಾನಿ ಆರ್. ಗಣೇಶ್ ಅವರ ಜೊತೆಗಿನ ಕಾರ್ಯಕ್ರಮಗಳಲ್ಲಿ ವೇದಿಕೆ ಮೇಲೆ ಒಂದು ಕಡೆ ಪದ್ಯ ಹುಟ್ಟುತ್ತಿತ್ತು, ಇನ್ನೊಂದು ಕಡೆ ವರ್ಮಾ ಅವರ ಕೈಯಲ್ಲಿ ಚಿತ್ರ ಹುಟ್ಟುತ್ತಿತ್ತು. ಸಂಗೀತ ಕಛೇರಿಗಳಲ್ಲೂ ಹಾಡು ಮುಗಿಯುವ ಹೊತ್ತಿಗೆ ಚಿತ್ರ ಮುಗಿಸುತ್ತಿದ್ದರು. ಏನು ಬರುತ್ತದೋ ಎಂದು ಸಭೆ ಉಸಿರು ಹಿಡಿದು ಕೂತಿರುತ್ತಿತ್ತು.

ಉಜಿರೆಯ ವಿಲಾಸ್ ನಾಯಕ್ ಅದನ್ನೇ ಇನ್ನಷ್ಟು ವೇಗವಾಗಿ ಮಾಡುತ್ತಾರೆ. ಕೆಲವೇ ನಿಮಿಷಗಳಲ್ಲಿ ದೊಡ್ಡ ಕ್ಯಾನ್ವಾಸ್ ಮೇಲೆ ಒಬ್ಬರ ಮುಖ ಮೂಡಿಸುತ್ತಾರೆ. ಚಿತ್ರಕಲಾ ಪರಿಷತ್ತು 2003ರಿಂದ ಕುಮಾರಕೃಪಾ ರಸ್ತೆಯಲ್ಲಿ ನಡೆಸುತ್ತಿರುವ ಚಿತ್ರಸಂತೆಗೆ ಹೋದವರಿಗೆ ಗೊತ್ತು, ಅಲ್ಲಿ ಜನ ದಟ್ಟವಾಗಿ ಸುತ್ತುವರಿಯುವುದು ಕೂತಲ್ಲೇ ಮುಖಚಿತ್ರ ಬರೆದುಕೊಡುವವರನ್ನು.

ಹೊರದೇಶದ್ದೂ ಒಂದು ಉದಾಹರಣೆ. ಮಲೇಷ್ಯಾದ ಪೆನಾಂಗ್‌ನಲ್ಲಿ ಜಾರ್ಜ್‌ಟೌನ್ ಎಂಬ ಹಳೆಯ ಪೇಟೆ ಇದೆ. 2012ರಲ್ಲಿ ಲಿಥುವೇನಿಯಾದ ಅರ್ನೆಸ್ಟ್ ಜಕರೆವಿಚ್ ಅಲ್ಲಿನ ಒಂದು ಗೋಡೆಗೆ ನಿಜವಾದ ಹಳೆ ಸೈಕಲ್ ಒರಗಿಸಿ, ಅದರ ಮೇಲೆ ಇಬ್ಬರು ಮಕ್ಕಳು ಕೂತಂತೆ ಗೋಡೆಯಲ್ಲಿ ಬರೆದರು. ಇವತ್ತಿಗೂ ಜನ ಸಾಲಾಗಿ ನಿಂತು ಆ ಸೈಕಲ್ ಜೊತೆ ಫೋಟೊ ತೆಗೆಸಿಕೊಳ್ಳುತ್ತಾರೆ. ಒಂದು ಹಳೆ ಸೈಕಲ್, ಒಂದು ಪಾಳು ಗೋಡೆ. ಇವೆರಡೂ ನಮ್ಮ ವಿಜಯಪುರದಲ್ಲಿ ಇಲ್ಲ ಅಂತೀರಾ?

ಊರಿಗೆ ಹೋದಾಗ ಒಂದು ಗೋಡೆ

ಬೆಂಗಳೂರು, ಪುಣೆ, ಹೈದರಾಬಾದ್ ಅಂತ ದುಡಿಯಲು ಹೋದ ನಮ್ಮಂಥವರು ಹಬ್ಬಕ್ಕೆ ಊರಿಗೆ ಹೋಗಿ, ಎರಡು ದಿನ ಮಲಗಿ ಎದ್ದು ಬರುತ್ತೇವೆ. ಮುಂದಿನ ಸಲ ಒಂದು ಗೋಡೆ ಹಿಡಿದು ನೋಡಿ. ಕಾಕಾನಿಂದ ಕಲಿತದ್ದನ್ನು ಹೇಳುತ್ತೇನೆ.

ಒಂದು, ಒಪ್ಪಿಗೆ. ಶಾಲೆಯದಾದರೆ ಮುಖ್ಯಶಿಕ್ಷಕರು ಮತ್ತು ಎಸ್‌ಡಿಎಂಸಿ, ಸಾರ್ವಜನಿಕ ಗೋಡೆಯಾದರೆ ಗ್ರಾಮ ಪಂಚಾಯಿತಿ ಇಲ್ಲವೇ ಪಟ್ಟಣ ಪಂಚಾಯಿತಿ. ಬಾಯಿಮಾತು ಸಾಲದು, ಚೀಟಿ ತಗೊಳ್ಳಿ. ತೆರೆದ ಸ್ಥಳಗಳನ್ನು ವಿರೂಪಗೊಳಿಸುವುದನ್ನು ತಡೆಯಲು ರಾಜ್ಯದಲ್ಲಿ 1981ರ ಕಾಯ್ದೆ ಇದೆ. ಓಡಾಟದ ರಸ್ತೆ ಮೇಲೆ ಕೂತು ಬರೆಯಲು ಹೋಗಬೇಡಿ. ಕಾಕಾ ಅಂದು ಬರೆದದ್ದು ಗಾಡಿ ಕಡಿಮೆ ಇರುವ ಹಳ್ಳಿ ರಸ್ತೆಯಲ್ಲಿ, ಎರಡೂ ಕಡೆ ಜನರನ್ನು ನಿಲ್ಲಿಸಿಕೊಂಡು.

ಎರಡು, ಕಾಲ. ವಿಜಯಪುರದ ಏಪ್ರಿಲ್-ಮೇ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ. ಕಾದ ಗೋಡೆಗೆ ಹಚ್ಚಿದ ಬಣ್ಣ ಹಿಡಿಯುವ ಮೊದಲೇ ಒಣಗಿ ಆಮೇಲೆ ಸಿಪ್ಪೆ ಏಳುತ್ತದೆ. ನವೆಂಬರ್‌ನಿಂದ ಜನವರಿ ಒಳ್ಳೆಯದು, ಅದರಲ್ಲೂ ಬೆಳಗಿನ ಹೊತ್ತು.

ಮೂರು, ಗೋಡೆ. ಉಪ್ಪು ಬಿಟ್ಟ ಗೋಡೆಗೆ ಎಂಥ ಬಣ್ಣವೂ ನಿಲ್ಲದು. ಕೆರೆದು, ತೊಳೆದು, ಪೂರ್ತಿ ಒಣಗಿಸಿ, ಬಿರುಕು ಮುಚ್ಚಿ, ಹೊರಗೋಡೆಯ ಪ್ರೈಮರ್ ಹಚ್ಚಬೇಕು. ನಮ್ಮದು ಎರೆಮಣ್ಣು, ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಜೊತೆಗೆ ಕಟ್ಟಡವೂ ಬಿರುಕು ಬಿಡುತ್ತದೆ. ಕಾಕಾ ಹೇಳುವ ಉಪಾಯ: ಮುಚ್ಚಲಾಗದ ಬಿರುಕನ್ನು ಚಿತ್ರದೊಳಗೆ ಸೇರಿಸಿಕೊಳ್ಳಿ. ಅದು ಮರದ ಕೊಂಬೆ ಆಗಬಹುದು, ಹೊಳೆ ಆಗಬಹುದು, ಗಾಳಿಪಟದ ದಾರ ಆಗಬಹುದು. ನೆಲದಿಂದ ಒಂದು ಅಡಿ ಎತ್ತರದವರೆಗೆ ಮಳೆಯ ಕೆಸರು ಸಿಡಿಯುತ್ತದೆ, ಅಲ್ಲಿ ಮಣ್ಣಿನ ಬಣ್ಣವನ್ನೇ ಬಳಿದುಬಿಡಿ.

ನಾಲ್ಕು, ಬಣ್ಣದ ಲೆಕ್ಕ. ಒಂದು ಲೀಟರ್ ಹೊರಗೋಡೆ ಎಮಲ್ಷನ್ ಎರಡು ಕೋಟಿಗೆ ಸುಮಾರು 50 ಚದರ ಅಡಿ ಬರುತ್ತದೆ. 20 ಅಡಿ ಉದ್ದ, 6 ಅಡಿ ಎತ್ತರದ ಗೋಡೆ ಎಂದರೆ 120 ಚದರ ಅಡಿ, ತಳಕ್ಕೆ ಎರಡೂವರೆಯಿಂದ ಮೂರು ಲೀಟರ್. ಹತ್ತು ಬಣ್ಣದ ಹತ್ತು ಡಬ್ಬಿ ಕೊಳ್ಳಬೇಡಿ. ಬಿಳಿ ತಗೊಂಡು ಸ್ಟೇನರ್ ಬೆರೆಸಿದರೆ ಅರ್ಧ ಖರ್ಚು ಉಳಿಯುತ್ತದೆ.

ಐದು, ದೊಡ್ಡದು ಮಾಡುವ ವಿದ್ಯೆ. ಕಾಗದದ ಮೇಲಿನ ಚಿತ್ರಕ್ಕೆ ಒಂದು ಇಂಚಿನ ಚೌಕ ಹಾಕಿ, ಗೋಡೆ ಮೇಲೆ ಒಂದು ಅಡಿಯ ಚೌಕ ಹಾಕಿ. ದಾರಕ್ಕೆ ಬಣ್ಣದ ಪುಡಿ ಸವರಿ, ಎರಡೂ ತುದಿ ಎಳೆದು ಹಿಡಿದು, ನಡುವೆ ಎತ್ತಿ ಬಿಟ್ಟರೆ ನೇರ ಗೆರೆ ಬೀಳುತ್ತದೆ. ಆಮೇಲೆ ಚೌಕದಿಂದ ಚೌಕಕ್ಕೆ ಬರೆಯುತ್ತ ಹೋಗುವುದು. ಪಿಕ್ಸೆಲ್ ಅಂದರೆ ಏನು ಅಂತ ಕಾಕಾನಿಗೆ ನಾನು ಹೇಳಿಕೊಡಬೇಕಾಗಿರಲಿಲ್ಲ.

ಆರು, ಎಲ್ಲಕ್ಕಿಂತ ಮುಖ್ಯದ್ದು. ನಿಮ್ಮೂರಿನ ಬೋರ್ಡ್ ಪೇಂಟರ್‌ನನ್ನು ಹುಡುಕಿ, ದಿನಗೂಲಿ ಪೂರ್ತಿ ಕೊಟ್ಟು ಕರೆಯಿರಿ. ‘ಸಮಾಜಸೇವೆ, ಬಿಟ್ಟಿ ಮಾಡಿಕೊಡಿ’ ಅನ್ನಬೇಡಿ. ನಾವು ಯಾರೂ ಬಿಟ್ಟಿ ಕೋಡ್ ಬರೆದುಕೊಡಲ್ಲ. ಐದಾರು ಗೆಳೆಯರು ಸೇರಿ ಒಂದು ವೀಕೆಂಡ್‌ನ ಹೋಟೆಲ್ ಬಿಲ್ ಹಾಕಿಕೊಂಡರೆ ಬಣ್ಣ ಮತ್ತು ಕೂಲಿ ಎರಡೂ ಆಗುತ್ತದೆ.

ಈ ಡಿಸೆಂಬರ್‌ಗೆ ತಿಕೋಟಾದ ನಮ್ಮ ಶಾಲೆಯ ಕಾಂಪೌಂಡ್ ಗೋಡೆ ಕೇಳಿದ್ದೇವೆ, ಚೀಟಿ ಸಿಕ್ಕಿದೆ. ಏನು ಬರೆಯಬೇಕೆಂದು ನಾವು ಗೆಳೆಯರು ವಾಟ್ಸ್‌ಆ್ಯಪ್ ಗ್ರೂಪ್‌ನಲ್ಲಿ ಎರಡು ವಾರ ಜಗಳ ಆಡಿದೆವು. ಗೋಳಗುಮ್ಮಟ ಅಂತ ಒಬ್ಬ, ರಾಕೆಟ್ ಅಂತ ಒಬ್ಬ, ದ್ರಾಕ್ಷಿ ಅಂತ ಇನ್ನೊಬ್ಬ. ಕಾಕಾನಿಗೆ ಫೋನ್ ಮಾಡಿ ಕೇಳಿದೆ.

“ಬಣ್ಣಾ ನೀವು ತರ‍್ರಿ, ಏನ್ ತಗೀಬೇಕು ಅಂತ ಹುಡುಗೂರ್ನ ಕೇಳೂನು. ದಿನಾ ನೋಡಾವ್ರು ಅವ್ರು, ನೀವಲ್ಲ” ಅಂದರು.

ಗ್ರೂಪ್‌ನಲ್ಲಿ ಈಗ ಜಗಳ ಇಲ್ಲ. ಶಾಲೆಯ ಮಕ್ಕಳಿಗೆ ಕಾಗದ, ಬಣ್ಣದ ಪೆನ್ಸಿಲ್ ಕಳಿಸಿದ್ದೇವೆ.